ರಾಯರ ಅಭಿಪ್ರಾಯಗಳು

ಅಭಿಪ್ರಾಯವೊಂದಕ್ಕೆ ಮಾತ್ರ ಸರ್ಕಾರ ಇನ್ನೂ ಲೈಸೆನ್ಸ್ ಇಟ್ಟಿಲ್ಲ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕಾಗಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಹುಟ್ಟಿ ಬೆಳೆದ ಹಲಸೂರಿನ ರಾಯರಿಗೆ, ರೇಡಿಯೋ ಹೇಳಿದ್ದನ್ನು ಕೇಳುವುದಕ್ಕೆ ಸುಂಕವುಂಟು, ಕೇಳಿದ್ದರ ಮೇಲೆ ಟೀಕೆ ಮಾಡುವುದಕ್ಕೆ ಸುಂಕವಿಲ್ಲ ಎಂಬ ಸತ್ಯ ಬಹು ಬೇಗನೆ ಹೊಳೆಯಿತು. ಅಂದಿನಿಂದ ಅವರು ಆ ಸ್ವಾತಂತ್ರ್ಯವನ್ನು ಒಂದು ದಿನವೂ ವ್ಯರ್ಥ ಮಾಡಿದವರಲ್ಲ.

ಸೋಮೇಶ್ವರನ ಗುಡಿಯ ಗೋಪುರ ಕಾಣುವಂಥ ಬೀದಿಯೊಂದರಲ್ಲಿ ಮಹಡಿಯ ಮನೆ. ಮನೆಯ ಮುಂದೆ ಮೂರಡಿ ಅಗಲದ ವರಾಂಡ. ಅಲ್ಲೊಂದು ಬೆತ್ತದ ಕುರ್ಚಿ. ಬೆಳಿಗ್ಗೆ ಆರೂವರೆಗೆ ರಾಯರು ಆ ಕುರ್ಚಿಯಲ್ಲಿ ಕುಳಿತು ಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುತ್ತಾರೆ. ಕ್ರೀಡೆ ಮೊದಲು, ರಾಜಕೀಯ ಅನಂತರ. ಎರಡರ ನಡುವಿನ ಪುಟಗಳು ಅವರ ಪತ್ನಿಗೆ ಮೀಸಲು. "ಹಿಂದಿನ ಪುಟದಲ್ಲಿ ಮನುಷ್ಯರು ಮಾಡಿದ್ದು ಇರುತ್ತದೆ, ಮುಂದಿನ ಪುಟದಲ್ಲಿ ಮಾಡುತ್ತೇವೆಂದು ಹೇಳಿದ್ದು ಇರುತ್ತದೆ" ಎಂಬುದು ಈ ಕ್ರಮಕ್ಕೆ ಅವರು ಕೊಡುವ ಕಾರಣ.

ಹತ್ತು ಗಂಟೆಯ ಹೊತ್ತಿಗೆ ಅವರು ಶಿವಾಜಿನಗರಕ್ಕೆ ಹೊರಡುತ್ತಾರೆ. ರಸೆಲ್ ಮಾರುಕಟ್ಟೆಯ ಹತ್ತಿರ ಒಂದು ಚಹಾ ಅಂಗಡಿ, ಅದರ ಮುಂದೆ ಒಂದು ಬೆಂಚು. ಆ ಬೆಂಚಿನ ಒಂದು ತುದಿ ರಾಯರದು, ಇನ್ನೊಂದು ತುದಿ ಅವರ ಬಾಲ್ಯಸ್ನೇಹಿತರಾದ ಸಾಹೇಬರದು. ಸಾಹೇಬರು ಮೋಟಾರು ಬಿಡಿಭಾಗಗಳ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ ನಿಶ್ಚಿಂತರಾದವರು. ನಡುವಿನ ಜಾಗ ಆ ದಿನ ಯಾರಿಗೆ ವಾದ ಬೇಕೋ ಅವರದು. ರಾಯರು ಸಾಹೇಬರನ್ನು "ಭಾಯ್" ಎನ್ನುತ್ತಾರೆ, ಸಾಹೇಬರು ರಾಯರನ್ನು "ರಾಯರೆ" ಎನ್ನುತ್ತಾರೆ. ಐವತ್ತು ವರ್ಷಗಳ ಸ್ನೇಹದಲ್ಲಿ ಒಬ್ಬರೂ ಇನ್ನೊಬ್ಬರ ಅಭಿಪ್ರಾಯವನ್ನು ಒಪ್ಪಿದ ದಾಖಲೆಯಿಲ್ಲ.

ರಾಯರು ವೃತ್ತಿಯಿಂದ ಟೆಲಿಫೋನು ಮಾಡಿದವರು. 1948ರಲ್ಲಿ ಕೃಷ್ಣರಾಜಪುರದ ದೂರವಾಣಿನಗರದಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನಲ್ಲಿ ಅವರು 37 ವರ್ಷ ದುಡಿದು 2010ರಲ್ಲಿ ನಿವೃತ್ತರಾದರು. ದೇಶದ ಅದೆಷ್ಟೋ ಮನೆಗಳಲ್ಲಿ ಗಣಗಣಿಸಿದ ಕಪ್ಪು ಟೆಲಿಫೋನುಗಳು ಆ ಕಾರ್ಖಾನೆಯಿಂದ ಹೊರಟವು. ಆದರೆ ರಾಯರನ್ನು ಕಾರ್ಖಾನೆಯ ವಿಷಯವಾಗಿ ಕೇಳಿದರೆ ಅವರು ಟೆಲಿಫೋನಿನ ಮಾತೆತ್ತುವುದಿಲ್ಲ. 1977ರ ಮಾತೆತ್ತುತ್ತಾರೆ. ಆ ವರ್ಷ ಎರ್ನಾಕುಲಂನಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಅದರ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು 1-0 ಗೋಲಿನಿಂದ ಸೋಲಿಸಿದ್ದು ಐ.ಟಿ.ಐ. ತಂಡ! ಹಗಲು ಕಾರ್ಖಾನೆಯ ರಿಜಿಸ್ಟರಿಗೆ ಸಹಿ ಹಾಕಿ ಸಂಜೆ ಬೂಟು ಕಟ್ಟುತ್ತಿದ್ದ ನೌಕರರ ತಂಡ. ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಒಂದೇ ಒಂದು ಪತ್ರಿಕೆ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಕೈ ಬದಲಾಯಿಸುತ್ತ ಬಂದು, ಚಾಲಕನ ಕೈಗೆ ಸೇರುವ ಹೊತ್ತಿಗೆ ನಾಲ್ಕು ತುಂಡಾಗಿತ್ತಂತೆ. ಅದರಲ್ಲಿ ಒಂದು ತುಂಡು ರಾಯರ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ದುರದೃಷ್ಟವಶಾತ್ ಅದು ಸಿನಿಮಾ ಜಾಹೀರಾತಿದ್ದ ತುಂಡು.

ದಂಡಿನ ಪ್ರದೇಶದ ಜನಕ್ಕೆ ಫುಟ್‌ಬಾಲ್ ಗೀಳು ಹತ್ತಿಸಿದವರು ಬಿಳಿಯ ಸಿಪಾಯಿಗಳು. ಅವರು ಪರೇಡ್ ಮೈದಾನದಲ್ಲಿ ಆಡುತ್ತಿದ್ದುದನ್ನು ಬೇಲಿಯ ಹೊರಗೆ ನಿಂತು ನೋಡಿದ ಹಲಸೂರಿನ, ಶಿವಾಜಿನಗರದ, ಆಸ್ಟಿನ್ ಟೌನಿನ ಹುಡುಗರು ಬಟ್ಟೆಯ ಉಂಡೆಯನ್ನೇ ಚೆಂಡು ಮಾಡಿಕೊಂಡರು. ಬೊಂಬಾಯಿಯ ರೋವರ್ಸ್ ಕಪ್ಪನ್ನು ದೇಶೀಯ ನಾಗರಿಕ ತಂಡವೊಂದು ಗೆದ್ದದ್ದು 1937ರಲ್ಲಿ. ಅಲ್ಲಿಯವರೆಗೆ ಅದು ಪಲ್ಟನ್ನುಗಳ ಸ್ವತ್ತಾಗಿತ್ತು. ಗೆದ್ದ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. ಈ ವಿಷಯ ಬಂದಾಗ ಸಾಹೇಬರು ಮೀಸೆಯ ಮೇಲೆ ಕೈ ಹಾಕುತ್ತಾರೆ. ರಾಯರು ಆ ಹೊತ್ತಿನಲ್ಲಿ ಮಾತ್ರ ಪ್ರತಿವಾದ ಹೂಡುವುದಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನ ಕಥೆಯನ್ನಂತೂ ಇಬ್ಬರೂ ಸರದಿಯ ಮೇಲೆ ಹೇಳುತ್ತಾರೆ. ಸ್ವಾತಂತ್ರ್ಯ ಬಂದು ವರ್ಷ ತುಂಬುವುದಕ್ಕೆ ಇನ್ನೂ ಎರಡು ವಾರವಿತ್ತು. ಜುಲೈ 31ರಂದು ಫ್ರಾನ್ಸ್ ತಂಡದ ಎದುರು ನಿಂತ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಬೆಂಗಳೂರಿನ ರಾಮನ್ ಒಂದು ಗೋಲು ಹೊಡೆದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಆ ತಂಡದಲ್ಲೇ ಇದ್ದ ಅಹ್ಮದ್ ಖಾನರು ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿಯ ಐವರು ಮುಂಪಡೆಯ ಆಟಗಾರರಲ್ಲಿ ಒಬ್ಬರಾದರು. ಬಂಗಾಳಿಗಳು ಆ ಐವರನ್ನು ಪಂಚಪಾಂಡವರೆಂದು ಕರೆದರು. ಬೆಂಗಳೂರಿನ ಧನರಾಜರೂ ಆ ಐವರಲ್ಲಿ ಒಬ್ಬರೇ. ರಾಯರು ಹುಟ್ಟುವ ಮೊದಲೇ ನಡೆದ ಆ ಲಂಡನ್ ಪಂದ್ಯವನ್ನು ಅವರು ವರ್ಣಿಸುವುದನ್ನು ಕೇಳಿದರೆ, ತಪ್ಪಿದ ಪೆನಾಲ್ಟಿಗಳಲ್ಲಿ ಒಂದನ್ನು ಅವರೇ ಒದ್ದಿದ್ದರೇನೋ ಎಂಬ ಸಂದೇಹ ಬರುತ್ತದೆ.

ಇಂಥವರಿಗೆ ಟೆಲಿವಿಷನ್ನಿನ ಮೇಲೆ ಮುನಿಸಿರುವುದು ಸಹಜ. ಆದರೆ ಮುನಿಸು ಮೊದಲಿನಿಂದಲೂ ಇದ್ದದ್ದಲ್ಲ. ದೂರದರ್ಶನ 1981ರಲ್ಲಿ ಬೆಂಗಳೂರಿಗೆ ಬಂತು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡೆಗಳ ಜೊತೆಗೆ ಬಣ್ಣವೂ ಬಂತು. 1986ರ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಮೆಕ್ಸಿಕೋದ ಮಧ್ಯಾಹ್ನವೆಂದರೆ ಹಲಸೂರಿನ ಹನ್ನೊಂದೂವರೆ ರಾತ್ರಿ. ಬೀದಿಯಲ್ಲಿ ಟಿ.ವಿ. ಇದ್ದ ಮನೆಯವರು ಅದನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟು, ಒಳಗೆ ತಾವು ನೆಲದ ಮೇಲೆ, ಹೊರಗೆ ನಲವತ್ತು ಮಂದಿ ಬೀದಿಯ ಮೇಲೆ ಕುಳಿತು, ಮರಡೋನಾ ಎಂಬ ಕುಳ್ಳ ಮನುಷ್ಯ ಇಂಗ್ಲೆಂಡಿನ ಅರ್ಧ ತಂಡವನ್ನು ದಾಟಿ ಹೋದುದನ್ನು ಕಂಡರು. ಅದೇ ಪಂದ್ಯದಲ್ಲಿ ಅವನು ಕೈಯಿಂದ ಹೊಡೆದ ಗೋಲು ನ್ಯಾಯವೋ ಅನ್ಯಾಯವೋ ಎಂಬ ವಿಷಯದಲ್ಲಿ ರಾಯರಿಗೂ ಸಾಹೇಬರಿಗೂ ಹತ್ತಿದ ಜಗಳ ಬೆಳಗಿನ ಹಾಲಿನವನು ಬಂದ ಮೇಲೆ ನಿಂತಿತು. ಗೌತಮಪುರದವರು ಮಾತ್ರ ಅರ್ಜೆಂಟೀನಾವನ್ನು ಒಪ್ಪಲಿಲ್ಲ. ಅವರದು ಬ್ರೆಜಿಲ್ ಮತ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರೊಡನೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಇಂಥ ನೆರೆಹೊರೆ ದೇಶದಲ್ಲಿ ಬೇರೆಲ್ಲಾದರೂ ಉಂಟೋ ಇಲ್ಲವೋ!

ಮುನಿಸು ಬಂದದ್ದು ಆಮೇಲೆ. ಅದಕ್ಕೆ ರಾಯರು ಕೊಡುವ ಮೊದಲನೆಯ ಸಾಕ್ಷ್ಯ ಕ್ರಿಕೆಟ್ಟಿನದೇ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ಎದುರು ಭಾರತದ ಐದು ವಿಕೆಟ್ಟುಗಳು 17 ರನ್ನಿಗೆ ಬಿದ್ದಿದ್ದವು. ಆದರೂ ಕಪಿಲ್ ದೇವ್ 175 ರನ್ ಹೊಡೆದು ಔಟಾಗದೆ ಉಳಿದರು. ಮೊದಲು ಜೊತೆ ನಿಂತವರು ಬೆಂಗಳೂರಿನ ರೋಜರ್ ಬಿನ್ನಿ, ಕೊನೆಯವರೆಗೂ ನಿಂತವರು ಬೆಂಗಳೂರಿನ ಕಿರ್ಮಾನಿ. ಆ ಪಂದ್ಯವನ್ನು ಟೆಲಿವಿಷನ್ ಕ್ಯಾಮೆರಾ ಹಿಡಿಯಲಿಲ್ಲ. "ನೋಡಿ ಸ್ವಾಮಿ, ಚಿತ್ರವಿಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಸಾವಿರ ಸಲ ತೋರಿಸಿ ಅದರ ಜೀವ ತೆಗೆಯುತ್ತಿದ್ದರು. ಇಲ್ಲದ್ದರಿಂದಲೇ ಅದು ಬದುಕಿದೆ. ಆಟವನ್ನು ಬರಿಯ ಕಣ್ಣಿನಿಂದ ನೋಡುವುದಲ್ಲ, ಮೈಯಿಂದ ನೋಡಬೇಕು. ಮೈದಾನಕ್ಕೆ ಹೋಗಿ ಬಿಸಿಲು, ಬೆವರು, ನೂಕುನುಗ್ಗಲು ಎಲ್ಲವನ್ನೂ ಉಂಡು ನೋಡಬೇಕು." ಇದು ರಾಯರ ಅಭಿಪ್ರಾಯಗಳಲ್ಲೆಲ್ಲ ಅತ್ಯಂತ ಹಳೆಯದು, ಅತ್ಯಂತ ಪ್ರಿಯವಾದದ್ದು. ಅದನ್ನು ಬೆಂಚಿನ ಮೇಲೆ, ವರಾಂಡದಲ್ಲಿ, ಊಟದ ಎಲೆಯ ಮುಂದೆ ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಅವರ ಮೊಮ್ಮಗಳು ಅದನ್ನು ಅವರ ಧ್ವನಿಯಲ್ಲೇ ಅಣಕಿಸಬಲ್ಲಳು.

ಎರಡನೆಯ ಸಾಕ್ಷ್ಯ ಹಣದ್ದು. ಇಲ್ಲಿ ರಾಯರ ವಾದ ತಳವುಳ್ಳದ್ದೆಂದು ಒಪ್ಪಬೇಕು. 1993ರಲ್ಲಿ ಹೀರೋ ಕಪ್ ನಡೆದಾಗ, ಬಂಗಾಳದ ಕ್ರಿಕೆಟ್ ಸಂಸ್ಥೆ ಪಂದ್ಯಗಳನ್ನು ಪ್ರಸಾರ ಮಾಡುವ ಹಕ್ಕನ್ನು ವಿದೇಶೀ ಕಂಪೆನಿಯೊಂದಕ್ಕೆ ಮಾರಿತು. ದೂರದರ್ಶನ ಅದನ್ನು ವಿರೋಧಿಸಿತು. ಅಲ್ಲಿಯವರೆಗಿನ ಕಾಲ ಎಂಥದೆಂದರೆ, ಆಟ ತೋರಿಸುವುದಕ್ಕೆ ಹಣ ಕೊಡುವುದಿರಲಿ, ಪಂದ್ಯಕ್ಕೆ ಐದು ಲಕ್ಷ ರೂಪಾಯಿ ತಮಗೇ ಕೊಡಬೇಕೆಂದು ದೂರದರ್ಶನದವರು ಕೇಳುತ್ತಿದ್ದರು! ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ ಇಷ್ಟು: ಬಾನಿನ ಅಲೆಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ, ಸ್ವತಂತ್ರವಾದ ಸಾರ್ವಜನಿಕ ಸಂಸ್ಥೆಯೊಂದು ಅವನ್ನು ನೋಡಿಕೊಳ್ಳಬೇಕು. 2007ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾನೂನು ಮಾಡಿ, ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು ವಿಧಿಸಿತು. ರಾಯರು ಈ ತೀರ್ಪಿನ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ (ಈ ಸಲ ಸರಿಯಾದ ತುಂಡನ್ನೇ). "ಅಲೆ ನನ್ನದು ಎಂದು ಕೋರ್ಟೇ ಹೇಳಿತಲ್ಲ, ಮತ್ತೆ ತಿಂಗಳ ಚಂದಾ ನಾನೇಕೆ ಕೊಡಬೇಕು?" ಎಂದು ಅವರು ಕೇಬಲ್ಲಿನ ಹುಡುಗನನ್ನು ಬಹಳ ವರ್ಷ ಪೀಡಿಸಿದರು. ಆ ಹುಡುಗ ಈಗ ಬೇರೆ ಕಸುಬು ಹಿಡಿದಿದ್ದಾನೆ.

ಐ.ಪಿ.ಎಲ್. ಪಂದ್ಯಗಳ ಪ್ರಸಾರದ ಹಕ್ಕು 2023ರಿಂದ ಐದು ವರ್ಷಕ್ಕೆ 48,390 ಕೋಟಿ ರೂಪಾಯಿಗೆ ಹರಾಜಾಯಿತೆಂಬ ಸುದ್ದಿ ಬಂದ ದಿನ ರಾಯರು ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ಒಂದು ಪಂದ್ಯಕ್ಕೆ 118 ಕೋಟಿ. ಪಂದ್ಯಕ್ಕೆ 240 ಚೆಂಡುಗಳೆಂದು ಹಿಡಿದರೆ ಚೆಂಡೊಂದಕ್ಕೆ 49 ಲಕ್ಷ. "ಮೂವತ್ತೇಳು ವರ್ಷದ ನನ್ನ ಸಂಬಳವನ್ನೆಲ್ಲ ಕೂಡಿದರೂ ಒಂದು ವೈಡ್ ಬಾಲಿಗೆ ಸಾಲದು ಭಾಯ್!" ಎಂದು ಅವರು ಬೆಂಚಿನ ಮೇಲೆ ಘೋಷಿಸಿದಾಗ ಸಾಹೇಬರು ಶಾಂತವಾಗಿ, "ನಿಮ್ಮನ್ನು ನೋಡಲು ಯಾರಾದರೂ ಟಿಕೆಟ್ಟು ಕೊಂಡಿದ್ದರೆ ರಾಯರೆ?" ಎಂದರು. ಇತ್ತ, 2013ರಲ್ಲಿ ಹುಟ್ಟಿ ಮೊದಲನೆಯ ವರ್ಷವೇ ಐ-ಲೀಗ್ ಗೆದ್ದು ರಾಯರನ್ನು ಅರವತ್ತೊಂದರ ವಯಸ್ಸಿನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕುಣಿಸಿದ ಬೆಂಗಳೂರು ಎಫ್.ಸಿ., 2025ರ ಆಗಸ್ಟಿನಲ್ಲಿ ಲೀಗು ನಡೆಯುವುದೋ ಇಲ್ಲವೋ ತಿಳಿಯದೆ ಆಟಗಾರರ ಸಂಬಳವನ್ನು ತಡೆಹಿಡಿಯಬೇಕಾಯಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 54 ವರ್ಷಗಳ ಮೇಲೆ, 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು. ಆ ರಾತ್ರಿ ರಾಯರ ಬೀದಿಯಲ್ಲಿ ಸಿಡಿದ ಪಟಾಕಿ ಒಂದೇ ಒಂದು ಸರ. ಹಚ್ಚಿದವರು ರಾಯರು. ಏನಾಯಿತೋ ಎಂದು ಮೂರು ಮನೆಯವರು ಹೊರಗೆ ಬಂದು ನೋಡಿ ಹೋದರು.

ರಾಜಕೀಯವನ್ನೂ ರಾಯರು ಇದೇ ಕನ್ನಡಕದಿಂದ ನೋಡುತ್ತಾರೆ. ಅವರ ಪ್ರಕಾರ 1985ರ ಪಕ್ಷಾಂತರ ನಿಷೇಧ ಕಾನೂನು ಫುಟ್‌ಬಾಲಿನ ಆಫ್‌ಸೈಡ್ ನಿಯಮವಿದ್ದಂತೆ: ಒಬ್ಬನೇ ಗೆರೆ ದಾಟಿದರೆ ತಪ್ಪು, ಎಲ್ಲರೂ ಸೇರಿ ಗೆರೆಯನ್ನೇ ಸರಿಸಿಕೊಂಡು ಹೋದರೆ ಆಟ. 2019ರಲ್ಲಿ 17 ಮಂದಿ ಶಾಸಕರು ಎರಡು ಪಕ್ಷಗಳ ಅಂಗಿ ಕಳಚಿ ರಾಜ್ಯದ ಸರ್ಕಾರ ಬಿದ್ದಾಗ ಅವರು, "ಅಹ್ಮದ್ ಖಾನ್ ಹತ್ತು ವರ್ಷ ಒಂದೇ ಕ್ಲಬ್ಬಿಗೆ ಆಡಿದ" ಎಂದಷ್ಟೇ ಹೇಳಿ ಚಹಾ ಕುಡಿದರು. ಟಿ.ವಿ.ಯ ಚರ್ಚೆಗಳನ್ನು ಅವರು ಪಂದ್ಯವೆಂದೇ ಒಪ್ಪುವುದಿಲ್ಲ: ಎಂಟು ಮಂದಿ ಎಂಟು ಚೌಕಗಳೊಳಗೆ ಕುಳಿತು ಒಟ್ಟಿಗೆ ಕೂಗುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ಚೆಂಡು ಒದೆಯುವವನು ರೆಫರಿ. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಮುಗಿದ ಸಂಜೆ, ಆಳುವ ಕೂಟಕ್ಕೆ 350ಕ್ಕೂ ಮೇಲೆ ಸ್ಥಾನಗಳೆಂದು ಹಲವು ಚಾನೆಲ್ಲುಗಳು ಸಾರಿದವು. ಜೂನ್ 4ರಂದು ಎಣಿಸಿದಾಗ 293 ಬಂದವು. ಆ ದಿನವನ್ನು ರಾಯರು ಹಬ್ಬದಂತೆ ಕಳೆದರು. ಯಾವ ಪಕ್ಷ ಗೆದ್ದಿತೆಂಬುದಕ್ಕಲ್ಲ, ಟೆಲಿವಿಷನ್ ಸೋತಿತೆಂಬುದಕ್ಕೆ.

ಮುಂದಿನ ವರ್ಷದ ಜೂನ್ 4 ಹಾಗೆ ಕಳೆಯಲಿಲ್ಲ.

ರಾಯರ ಮೊಮ್ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿ ಓದುವವಳು, ಹತ್ತೊಂಬತ್ತರ ಹುಡುಗಿ. ತಾತನ ಗೀಳು ಅವಳಿಗೆ ಬಂದಿದೆ, ಆದರೆ ಆಟ ಬೇರೆ. ಅವಳದು ಕ್ರಿಕೆಟ್, ಅದರಲ್ಲಿಯೂ ರಾಯಲ್ ಚಾಲೆಂಜರ್ಸ್ ತಂಡ. ಅವಳು ಎರಡು ವರ್ಷದ ಕೂಸಾಗಿದ್ದಾಗ ಹುಟ್ಟಿದ ತಂಡ ಅದು. 2008ರಿಂದ 17 ವರ್ಷ ಸೋತ ತಂಡವನ್ನು ಹಿಡಿದು ಕುಳಿತದ್ದಕ್ಕೆ ರಾಯರಿಗೆ ಅವಳ ಮೇಲೆ ಒಳಗೊಳಗೇ ಹೆಮ್ಮೆ. ಗೆಲ್ಲುವ ತಂಡದ ಅಭಿಮಾನಿಯಾಗುವುದಕ್ಕೆ ಯೋಗ್ಯತೆ ಬೇಕಿಲ್ಲವೆಂದು ಅವರೇ ಕಲಿಸಿದವರು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನುಗಳಿಂದ ಸೋಲಿಸಿ ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ಪು ಬಂದಾಗ ಹಲಸೂರಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹುಡುಗಿ ಅತ್ತಳು. ರಾಯರು, ಕ್ರಿಕೆಟ್ಟನ್ನು ಆಟವೆಂದೇ ಎಣಿಸದ ರಾಯರು, ಅವಳ ಬೆನ್ನು ತಟ್ಟುತ್ತ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಮೆರವಣಿಗೆ ಉಂಟೆಂದರು. ಮಧ್ಯಾಹ್ನದ ಹೊತ್ತಿಗೆ ಇಲ್ಲವೆಂದರು. ಅನಂತರ ಮತ್ತೆ ಉಂಟೆಂದರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಅದಾದ ಮೇಲೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಉತ್ಸವ. ಹುಡುಗಿ ಕೆಂಪು ಅಂಗಿ ತೊಟ್ಟು ಬಾಗಿಲಲ್ಲಿ ನಿಂತಳು. ಅವಳ ತಾಯಿ, "ಆ ಗುಂಪಿನಲ್ಲಿ ಹೋಗಿ ಏನು ನೋಡುತ್ತೀಯೆ? ಟಿ.ವಿ.ಯಲ್ಲಿ ಎಲ್ಲ ಚೆನ್ನಾಗಿ ಕಾಣಿಸುತ್ತದೆ" ಎಂದರು. ಹುಡುಗಿ ತಾತನ ಮುಖ ನೋಡಿದಳು.

"ಹೋಗಿ ಬರಲಿ ಬಿಡಮ್ಮ" ಎಂದರು ರಾಯರು. "ಹದಿನೆಂಟು ವರ್ಷಕ್ಕೊಮ್ಮೆ ಬರುವ ದಿನ. ಇಂಥ ದಿನ ಟಿ.ವಿ. ಮುಂದೆ ಕೂರುವುದೆಂದರೆ ಮದುವೆಗೆ ಹೋಗದೆ ಲಗ್ನಪತ್ರಿಕೆ ಓದಿದ ಹಾಗೆ." ಸೊಸೆ ಮಾವನ ಮಾತಿಗೆ ಎದುರಾಡುವ ಪೈಕಿಯಲ್ಲ. ರಾಯರು ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಹುಡುಗಿಯ ಕೈಗಿತ್ತರು. ಅವಳು ಗೆಳತಿಯರಿಬ್ಬರೊಡನೆ ಹಲಸೂರು ನಿಲ್ದಾಣದಲ್ಲಿ ಮೆಟ್ರೋ ಹತ್ತಿದಾಗ ಎರಡು ಗಂಟೆಯಾಗಿತ್ತು.

ಆಟಗಾರರು ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇಳಿದದ್ದನ್ನು ರಾಯರು ಟಿ.ವಿ.ಯಲ್ಲಿ ನೋಡಿದರು. ವಿಧಾನಸೌಧದ ಮೆಟ್ಟಿಲುಗಳ ಮೇಲೆ ಆಟಗಾರರಿಗಿಂತ ಹೆಚ್ಚಾಗಿ ಗಣ್ಯರೂ ಗಣ್ಯರ ಬಂಧುಗಳೂ ಕಾಣಿಸಿದಾಗ, "ಇವರಲ್ಲಿ ಓಪನಿಂಗ್ ಬ್ಯಾಟ್ಸ್‌ಮನ್ ಯಾರೇ?" ಎಂದು ಪತ್ನಿಯನ್ನು ಕೇಳಿ ತಾವೇ ನಕ್ಕರು. ಕಾಫಿ ಬಂತು. ಕಾಫಿಯ ಲೋಟ ತುಟಿಗೆ ತಾಗುವ ಹೊತ್ತಿಗೆ ತೆರೆಯ ಕೆಳಗೆ ಒಂದು ಸಾಲು ಸರಿದು ಹೋಯಿತು. ಕ್ರೀಡಾಂಗಣದ ಬಾಗಿಲ ಬಳಿ ನೂಕುನುಗ್ಗಲು. ರಾಯರು ಕನ್ನಡಕ ಸರಿಪಡಿಸಿಕೊಂಡರು. ಆ ಸಾಲು ಒಂದು ಸುತ್ತು ಹಾಕಿ ಮತ್ತೆ ಬರುವಾಗ ಅದರಲ್ಲಿ ಸಾವು ಎಂಬ ಶಬ್ದವಿತ್ತು. ಸ್ವಲ್ಪ ಹೊತ್ತಿನಲ್ಲಿ ತೆರೆ ಎರಡು ಪಾಲಾಯಿತು: ಎಡಗಡೆ ಹೂವಿನ ಹಾರ, ಬಲಗಡೆ ಆಂಬುಲೆನ್ಸು.

ಮೊಮ್ಮಗಳ ಫೋನು ಹತ್ತಲಿಲ್ಲ. ಗೆಳತಿಯರದ್ದೂ ಹತ್ತಲಿಲ್ಲ. ಲಕ್ಷಾಂತರ ಜನ ಒಂದೇ ಚೌಕದಲ್ಲಿ ನಿಂತು ಒಂದೇ ಹೊತ್ತಿಗೆ ಫೋನು ಮಾಡಿದರೆ ಹೀಗಾಗುತ್ತದೆಂಬುದು ರಾಯರಿಗೆ ತಿಳಿಯದ ವಿಷಯವಲ್ಲ. 37 ವರ್ಷ ಅವರು ಮಾಡಿದ ಕೆಲಸವೇ ಅದು. ತಿಳಿದಿದ್ದೂ ಅವರು ಇಪ್ಪತ್ತು ಸಲ, ಮೂವತ್ತು ಸಲ ಅದೇ ಅಂಕಿಗಳನ್ನು ಒತ್ತಿದರು. ಸೊಸೆ ಏನೂ ಹೇಳಲಿಲ್ಲ. ಆಕೆ ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಚಪ್ಪಲಿ ಮೆಟ್ಟಿಕೊಂಡು ಅವರು ಇಳಿದು ಹೊರಟರು. ಆಟೋ ಸಿಕ್ಕಲಿಲ್ಲ. ಎಪ್ಪತ್ತಮೂರು ವರ್ಷದ ಮನುಷ್ಯ ಕ್ರೀಡಾಂಗಣದ ಕಡೆಗೆ ನಡೆದು, ಪೊಲೀಸರು ತಡೆದ ಕಡೆಯಿಂದ ತಿರುಗಿ, ಕಾಮರಾಜ ರಸ್ತೆ ದಾಟಿ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಮುಂದೆ ಬಂದು ನಿಂತರು. ಗಾಯಗೊಂಡವರನ್ನು ಅಲ್ಲಿಗೂ ತರುತ್ತಿದ್ದಾರೆಂದು ದಾರಿಯಲ್ಲಿ ಯಾರೋ ಹೇಳಿದ್ದರು. ಗೇಟಿನ ಬಳಿ ಅವರಂಥವರು ಬಹಳ ಮಂದಿಯಿದ್ದರು. ಫೋನಿನಲ್ಲಿ ಮಕ್ಕಳ ಭಾವಚಿತ್ರ ತೆರೆದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಎಲ್ಲ ಚಿತ್ರಗಳಲ್ಲಿಯೂ ಕೆಂಪು ಅಂಗಿ. ಒಬ್ಬ ತಾಯಿ ಒಂದು ಕಾಲಿನ ಬೂಟನ್ನು ಎದೆಗೆ ಅವಚಿಕೊಂಡು, ಅದು ತನ್ನ ಮಗನದೋ ಅಲ್ಲವೋ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳು. ಸಾಹೇಬರು ಅದು ಹೇಗೋ ತಿಳಿದು ಬಂದರು, ಮಾತಾಡದೆ ಪಕ್ಕದಲ್ಲಿ ನಿಂತರು. ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಅಭ್ಯಾಸವಾದ ಇಬ್ಬರು ಮೊದಲ ಸಲ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

ಎಂಟು ಗಂಟೆ ಕಳೆದ ಮೇಲೆ ಪತ್ನಿಯ ಕರೆ ಬಂತು. ಹುಡುಗಿ ಮನೆಗೆ ಬಂದಿದ್ದಳು. ಫೋನು ಕಳೆದುಹೋಗಿತ್ತು. ಬಾಗಿಲೊಂದರ ಮುಂದೆ ಗುಂಪು ಮುಂದಕ್ಕೆ ಒತ್ತಿದಾಗ ಅವಳು ಬಿದ್ದಳಂತೆ. ಹೆಸರು ತಿಳಿಯದ ಹುಡುಗನೊಬ್ಬ ರಟ್ಟೆ ಹಿಡಿದು ಎಳೆದು ಗೋಡೆಯ ಮೇಲಕ್ಕೆ ಎತ್ತಿ ಕೂರಿಸಿದನಂತೆ. ಅವನು ಆಮೇಲೆ ಎತ್ತ ಹೋದನೋ ಕಾಣಲಿಲ್ಲವಂತೆ. ಗುಂಪು ಕರಗಿದ ಮೇಲೆ ಮಹಾತ್ಮ ಗಾಂಧಿ ರಸ್ತೆ ಹಿಡಿದು ಗೆಳತಿಯರೊಡನೆ ನಡೆದೇ ಬಂದಳು. ರಾಯರು ಮನೆ ಮುಟ್ಟಿದಾಗ ಅವಳು ಊದಿದ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕುಳಿತಿದ್ದಳು. ತಾತನನ್ನು ಕಂಡು, "ಆಟಗಾರರು ಕಾಣಿಸಲೇ ಇಲ್ಲ ತಾತ" ಎಂದಳು. ಅಷ್ಟೇ ಹೇಳಿದಳು.

ಆ ದಿನ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಎಳೆಯರು, ಹದಿಮೂರರ ಬಾಲಕಿಯೊಬ್ಬಳೂ ಇದ್ದಳು. ಗಾಯಗೊಂಡವರು ಐವತ್ತಕ್ಕೂ ಹೆಚ್ಚು. ಮರುದಿನ ನಗರದ ಪೊಲೀಸ್ ಕಮಿಷನರರೂ ಇತರ ಅಧಿಕಾರಿಗಳೂ ಅಮಾನತಾದರು, ನ್ಯಾಯಾಂಗ ವಿಚಾರಣೆಗೆ ಆಯೋಗ ನೇಮಕವಾಯಿತು, ಹೈಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಟೆಲಿವಿಷನ್ನಿನ ಎಂಟು ಚೌಕಗಳು ತುಂಬಿದವು. ತಪ್ಪು ಸರ್ಕಾರದ್ದೋ, ಪೊಲೀಸರದೋ, ತಂಡದವರದೋ, ಕ್ರಿಕೆಟ್ ಸಂಸ್ಥೆಯದೋ? ರಾಜಕೀಯ, ಕ್ರೀಡೆ, ಟೆಲಿವಿಷನ್ ಮೂರೂ ಒಂದೇ ಗಂಟಿನಲ್ಲಿ ಸಿಕ್ಕಿಬಿದ್ದ ಪ್ರಶ್ನೆ. ಇಂಥದ್ದಕ್ಕಾಗಿಯೇ ರಾಯರು ಐವತ್ತು ವರ್ಷ ಸಾಧನೆ ಮಾಡಿದವರಲ್ಲವೆ? ಚಹಾ ಅಂಗಡಿಯ ಬೆಂಚು ಕಾದು ಕುಳಿತಿತು. ರಾಯರು ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಹೋಗುತ್ತಿದ್ದರು. "ಏನು ಸ್ವಾಮಿ, ತಮ್ಮ ಅಭಿಪ್ರಾಯ?" ಎಂದು ಕೇಳಿದವರಿಗೆ, "ಆಯೋಗ ಇದೆಯಲ್ಲ" ಎನ್ನುತ್ತಿದ್ದರು.

ಆಯೋಗದ ಮುಂದೆ ಬರಬೇಕಾದವರ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತೆಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ಅದನ್ನು ಅವರು ಜುಲೈ ತಿಂಗಳ ಒಂದು ಮಳೆಯ ದಿನ, ಬೆಂಚಿನ ಮೇಲೆ ಬೇರೆ ಯಾರೂ ಇಲ್ಲದಾಗ, ಸಾಹೇಬರಿಗೆ ಹೇಳಿದರು.

"ಹೋಗು ಎಂದವನು ನಾನು ಭಾಯ್. ಅವರಮ್ಮ ಬೇಡ ಎಂದಳು."

ಸಾಹೇಬರು ಬಹಳ ಹೊತ್ತು ಮಳೆ ನೋಡಿದರು. "ಆ ದಿನ ಊರಿನಲ್ಲಿ ಪ್ರತಿ ಮನೆಯಲ್ಲಿಯೂ ಯಾರೋ ಒಬ್ಬರು ಹೋಗು ಎಂದಿರುತ್ತಾರೆ ರಾಯರೆ. ನಾನೂ ಹೇಳಿದೆ. ನನ್ನ ಮೊಮ್ಮಗ ಸೋಮಾರಿ, ಹೋಗಲಿಲ್ಲ." ರಾಯರಿಗೆ ಅದು ಸಮಾಧಾನವಾಯಿತೆಂದು ಹೇಳುವಂತಿಲ್ಲ. ಆದರೆ ಆ ದಿನ ಅವರು ಎರಡನೆಯ ಚಹಾ ಕುಡಿದರು.

ಆ ವರ್ಷ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಬೇಕಾಗಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರ್ 2ರ ರಾತ್ರಿ ಭಾರತದ ಹುಡುಗಿಯರು ಅಲ್ಲಿಯೇ ಕಪ್ಪು ಗೆದ್ದುದನ್ನು ತಾತ, ಮೊಮ್ಮಗಳು, ಸೊಸೆ, ಪತ್ನಿ ನಾಲ್ವರೂ ಟಿ.ವಿ.ಯ ಮುಂದೆ ಕುಳಿತು ನೋಡಿದರು. ಕೊನೆಯ ವಿಕೆಟ್ಟು ಬಿದ್ದಾಗ ಹುಡುಗಿ ಚಪ್ಪಾಳೆ ತಟ್ಟಿದಳು. ಹೊರಗೆ ಪಟಾಕಿಯ ಶಬ್ದ ಕೇಳಿ ಒಮ್ಮೆ ಬಾಗಿಲ ಕಡೆ ನೋಡಿದಳು, ಎದ್ದು ಹೋಗಲಿಲ್ಲ. ಕಣ್ಣಿನಿಂದ ನೋಡುವುದು, ಮೈಯಿಂದ ನೋಡುವುದು ಎಂಬ ಮಾತು ಆ ರಾತ್ರಿ ಮನೆಯಲ್ಲಿ ಬರಲಿಲ್ಲ.

ಅದಾದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಹುಡುಗಿಯೇ, "ತಾತ, ಗೌತಮಪುರದಲ್ಲಿ ಹುಡುಗರ ಮ್ಯಾಚ್ ಇದೆಯಂತೆ, ಹೋಗೋಣವೆ?" ಎಂದಳು. ರಾಯರು ಸೊಸೆಯ ಮುಖ ನೋಡಿದರು. ಸೊಸೆ, "ಛತ್ರಿ ತೆಗೆದುಕೊಂಡು ಹೋಗಿ ಮಾವ, ಬಿಸಿಲು" ಎಂದರು.

ಮೈದಾನದಲ್ಲಿ ನೋಡುವವರು ಐವತ್ತು ಅರವತ್ತು ಮಂದಿಯಿದ್ದಿರಬಹುದು. ಹನ್ನೆರಡು ಹದಿಮೂರರ ಹುಡುಗರು. ಕೆಲವರಿಗೆ ಬೂಟಿತ್ತು, ಕೆಲವರಿಗಿರಲಿಲ್ಲ. ರಾಯರು ಛತ್ರಿಯ ಹಿಡಿಯ ಮೇಲೆ ಗದ್ದವೂರಿ ಸುಮ್ಮನೆ ನೋಡುತ್ತಿದ್ದರು. ಎಡಬದಿಯಿಂದ ಬರಿಗಾಲಿನ ಪುಟ್ಟ ಹುಡುಗನೊಬ್ಬ ಇಬ್ಬರನ್ನು ತಪ್ಪಿಸಿ ನುಗ್ಗಿ ಗೋಲು ಹೊಡೆದ. ರೆಫರಿ ಶಿಳ್ಳೆ ಊದಿ ಕೈಯೆತ್ತಿದ.

"ಆಫ್‌ಸೈಡ್ ಅಲ್ಲ!" ಎಂದು ರಾಯರು ಎದ್ದು ನಿಂತು ಕೂಗಿದರು. ಸುತ್ತಲಿನವರು ತಿರುಗಿ ನೋಡಿದರು.

"ಆಫ್‌ಸೈಡೇ ತಾತ, ಅರ್ಧ ಗಜ ಮುಂದಿದ್ದ" ಎಂದಳು ಮೊಮ್ಮಗಳು.

"ನಿನಗೇನು ಗೊತ್ತು! ನೀನು ಕ್ರಿಕೆಟ್ಟಿನವಳು."